ಗಡ್ಡೆಯ ಅನ್ನ ಕಸಿದ ಸೂಜಿ

ನಮ್ಮ ರಾಯಚೂರು ಸೀಮೆಯಲ್ಲಿ ತಿಂಗಳುಗಟ್ಟಲೆ ಕೆಮ್ಮುವವರಿಗೆ ಮೊದಲು ಸಿಗುವ ಉತ್ತರ ಟಿಬಿ. ವಳಕಮದಿನ್ನಿಯ ರೈತನೊಬ್ಬ ಮಸ್ಕಿಗೋ ಸಿಂಧನೂರಿಗೋ ಲಿಂಗಸುಗೂರಿಗೋ ಹೋಗಿ ಎದೆಯ ಎಕ್ಸ್‌ರೇ ತೆಗೆಸುತ್ತಾನೆ, ಅದರಲ್ಲಿ ಬೆಳ್ಳನೆಯ ಮಚ್ಚೆ ಕಾಣುತ್ತದೆ, ಟಿಬಿ ಗುಳಿಗೆ ಶುರುವಾಗುತ್ತದೆ. ಇದಕ್ಕಾಗಿ ವೈದ್ಯರನ್ನು ದೂರಿ ಫಲವಿಲ್ಲ. ಈ ಭಾಗದಲ್ಲಿ ಅಂಥ ಮಚ್ಚೆ ಟಿಬಿಯದ್ದೇ ಆಗಿರುವುದು ಹೆಚ್ಚು. ಆದರೆ ಕೆಲವರ ಮಚ್ಚೆ ಗುಳಿಗೆಗೆ ಕರಗುವುದಿಲ್ಲ. ತಿಂಗಳುಗಳು ಉರುಳಿ, ಕಫದಲ್ಲಿ ರಕ್ತ ಕಂಡು, ಮೈ ಸೊರಗಿ, ದನಿ ಕುಸಿದ ಮೇಲೆ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಹೈದರಾಬಾದಿಗೋ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೋ ಹೋದಾಗ ಗೊತ್ತಾಗುತ್ತದೆ, ಅದು ಶ್ವಾಸಕೋಶದ ಕ್ಯಾನ್ಸರ್ ಎಂದು. ಅಷ್ಟರಲ್ಲಿ ಅದು ಎಲುಬಿಗೋ ಲಿವರ್‌ಗೋ ಮಿದುಳಿಗೋ ಹಬ್ಬಿರುತ್ತದೆ. ಕೊಯ್ದು ತೆಗೆಯುವ ಹೊತ್ತು ಮೀರಿರುತ್ತದೆ.

ಬೀಡಿ, ಸಿಗರೇಟು ಇದಕ್ಕೆ ಮೊದಲ ಕಾರಣ; ಒಂದೇ ಕಾರಣವಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನ ಸಿಗುವುದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚುಕಲ್ಲನ್ನು ಕೊರೆದಾಗ ಏಳುವ ಸಿಲಿಕಾ ದೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಉರಿಸುವ ಒಲೆಯ ಹೊಗೆಯ ಮೇಲೂ ತಜ್ಞರಿಗೆ ಬಲವಾದ ಸಂಶಯವಿದೆ. ಬೀಡಿ ಮುಟ್ಟದ ಹೆಣ್ಣುಮಕ್ಕಳಿಗೂ ಈ ರೋಗ ಬರುತ್ತದೆ. ಅವರ ರೋಗದ ಸ್ವಭಾವವೇ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಹೀಗೆ ತಡವಾಗಿ ಸಿಕ್ಕ ರೋಗಕ್ಕೆ ಬಹುಕಾಲ ಇದ್ದದ್ದು ಕೀಮೋ ಮತ್ತು ನಮ್ಮ ಜನ ‘ಕರೆಂಟ್ ಕೊಡೋದು’ ಎನ್ನುವ ವಿಕಿರಣ ಚಿಕಿತ್ಸೆ. ರೋಗಿಯ ಸ್ವಂತ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸಬಹುದು ಎಂಬುದು ಶ್ವಾಸಕೋಶದ ಕ್ಯಾನ್ಸರಿನ ಮಟ್ಟಿಗೆ ಈಚಿನ ಮೂರು ದಶಕಗಳ ಮಾತು. ಅದನ್ನು ಅಮೆರಿಕ, ಜಪಾನಿನ ನೊಬೆಲ್ ವಿಜ್ಞಾನಿಗಳ ಕತೆಯಾಗಿ ಹೇಳುವುದು ರೂಢಿ. ನನ್ನ ಪ್ರಕಾರ ಅದು ಅರ್ಧ ಕತೆ. ಉಳಿದರ್ಧ ನಡೆದದ್ದು ದುಡ್ಡಿನ ಮುಗ್ಗಟ್ಟಿದ್ದ ಕಡೆ: ಕ್ಯೂಬಾದ ಹವಾನಾದಲ್ಲಿ, ನಮ್ಮ ಬೆಂಗಳೂರಿನಲ್ಲಿ, ಮುಂಬೈನ ಪರೇಲ್‌ನಲ್ಲಿ. ಅಲ್ಲಿನವರು ಕಂಡುಕೊಂಡದ್ದಕ್ಕೆ ನೊಬೆಲ್ ಬಂದಿಲ್ಲ. ಆದರೆ ನಮ್ಮಂಥ ಊರಿನ ರೋಗಿಯ ತೋಳಿಗೆ ಔಷಧ ಮುಟ್ಟಬೇಕಾದರೆ ಅವರ ಶೋಧವೂ ಅಷ್ಟೇ ಮುಖ್ಯ.

ಶ್ವಾಸಕೋಶದ ಕ್ಯಾನ್ಸರಿಗೂ ಲಸಿಕೆ ಇದೆ ಎಂದಾಗ ವಳಕಮದಿನ್ನಿಯ ಹಿರಿಯರೊಬ್ಬರು ಒಪ್ಪಲಿಲ್ಲ.

“ಲಸಿಕಿ ಅಂದ್ರ ಜಡ್ಡು ಬರೂಕಿಂತ ಮೊದ್ಲ ಹಾಕೂದಲ್ಲೇನು ತಮ್ಮಾ? ಬಂದ ಮ್ಯಾಲ ಹಾಕಿದ್ರ ಏನ್ ಬಂತು?”

“ಹುಚ್ಚುನಾಯಿ ಕಚ್ಚಿದ ಮ್ಯಾಲೂ ಸೂಜಿ ಹಾಕ್ತಾರಲ್ರಿ ಕಾಕಾ?”

“ಅದು ಇಷ ತಲೀಗೇರೂಕಿಂತ ಮೊದ್ಲ. ನೀ ಹೇಳೂದು ಏರಿದ ಮ್ಯಾಲಿನ ಮಾತು.”

ಅವರು ಹೇಳಿದ್ದು ನೇರವಾಗಿ ವಿಷಯದ ಬುಡಕ್ಕೆ ಹೋಯಿತು. ರೇಬಿಸ್ ಲಸಿಕೆ ವೈರಸ್ ಮಿದುಳು ಸೇರುವುದರೊಳಗೆ ದೇಹವನ್ನು ಸಜ್ಜುಗೊಳಿಸುತ್ತದೆ. ಕ್ಯಾನ್ಸರಿನ ಚಿಕಿತ್ಸಾ ಲಸಿಕೆಗೆ ಆ ಅನುಕೂಲವಿಲ್ಲ. ಅದು ಎದುರಿಸಬೇಕಾದದ್ದು ಆಗಲೇ ಬೇರು ಬಿಟ್ಟ ರೋಗವನ್ನು, ಅದೂ ದೇಹದ್ದೇ ಜೀವಕೋಶಗಳಿಂದ ಹುಟ್ಟಿದ್ದನ್ನು. ಹೊರಗಿನ ವೈರಸ್ ಕಂಡರೆ ಮುಗಿಬೀಳುವ ರೋಗನಿರೋಧಕ ವ್ಯವಸ್ಥೆ ತನ್ನ ಮೈಯದೇ ಪ್ರೋಟೀನು ಕಂಡರೆ ಸುಮ್ಮನಿರುತ್ತದೆ. ಸುಮ್ಮನಿರಲೇಬೇಕು, ಇಲ್ಲದಿದ್ದರೆ ನಾವು ಬದುಕುವಂತಿಲ್ಲ.

ಕ್ಯೂಬಾದವರು ಹಿಡಿದ ದಾರಿ ಶುರುವಾಗುವುದು ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಒಂದು ಪ್ರಯೋಗದಿಂದ. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ನರಗಳನ್ನು ಬೆಳೆಸುವ ವಸ್ತುವಿನ ಹಿಂದೆ ಬಿದ್ದಿದ್ದರು. ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗತಾನೆ ಹುಟ್ಟಿದ ಮರಿಗಳಿಗೆ ಚುಚ್ಚಿದಾಗ ಅವರು ನಿರೀಕ್ಷಿಸದ್ದೊಂದು ಕಂಡಿತು. ಚುಚ್ಚಿಸಿಕೊಂಡ ಮರಿಗಳು ಉಳಿದವಕ್ಕಿಂತ ಎಷ್ಟೋ ದಿನ ಮೊದಲೇ ಕಣ್ಣು ತೆರೆದವು, ಅವುಗಳ ಹಲ್ಲೂ ಬೇಗ ಮೂಡಿದವು. ನರಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಹಾಗಾದರೆ ಆ ಸಾರದಲ್ಲಿ ಬೇರೇನೋ ಇದೆ ಎಂದು ಬೆನ್ನುಹತ್ತಿ, 1962ರಲ್ಲಿ ಅದನ್ನು ಬೇರ್ಪಡಿಸಿದರು. 53 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು ಅದು, ಹೆಸರು ಇಜಿಎಫ್. ಚರ್ಮ, ಕರುಳು, ಶ್ವಾಸನಾಳಗಳ ಒಳಪದರದಂಥ ಕಡೆ ಜೀವಕೋಶಗಳಿಗೆ ‘ಒಡೆದು ಎರಡಾಗು’ ಎಂದು ಹೇಳುವುದು ಇದರ ಕೆಲಸ. ಕೋಶದ ಮೈಮೇಲೆ ಇದಕ್ಕೆಂದೇ ಗ್ರಾಹಕವೊಂದಿರುತ್ತದೆ. ಇಜಿಎಫ್ ಅಲ್ಲಿ ಬಂದು ಕೂತೊಡನೆ ಒಳಗೆ ಅಪ್ಪಣೆ ಹೋಗುತ್ತದೆ. ಕೋಹೆನ್‌ಗೆ 1986ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ಇನ್ನೊಂದು ಸಂಗತಿ ಗೊತ್ತಾಗಿತ್ತು. ಶ್ವಾಸಕೋಶ, ಗಂಟಲು, ಸ್ತನದ ಎಷ್ಟೋ ಗಡ್ಡೆಗಳ ಕೋಶಗಳ ಮೇಲೆ ಈ ಗ್ರಾಹಕಗಳು ಮಿತಿಮೀರಿ ಇರುತ್ತವೆ. ನಮ್ಮ ಮೈಯೊಳಗಿನ ಇಜಿಎಫ್ ಅಂಥ ಗಡ್ಡೆಯ ಪಾಲಿಗೆ ಅನ್ನ.

ಜಗತ್ತಿನ ದೊಡ್ಡ ಪ್ರಯೋಗಾಲಯಗಳು ಗ್ರಾಹಕವನ್ನೇ ಮುಚ್ಚಲು ಹೊರಟವು. ಜಾನ್ ಮೆಂಡೆಲ್‌ಸನ್ ಅವರ ತಂಡ ರೂಪಿಸಿದ ಪ್ರತಿಕಾಯ ಮುಂದೆ ಸೆಟುಕ್ಸಿಮ್ಯಾಬ್ ಎಂಬ ಔಷಧವಾಯಿತು. ಪ್ರತಿಕಾಯವನ್ನು ಕಾರ್ಖಾನೆಯಲ್ಲಿ ಬೆಳೆಸಬೇಕು, ಶುದ್ಧಿ ಮಾಡಬೇಕು, ಔಷಧ ಫಲ ಕೊಡುವಷ್ಟು ಕಾಲ ನರಕ್ಕೆ ಹನಿಸುತ್ತಿರಬೇಕು. ಹವಾನಾದ ಕ್ಯಾನ್ಸರ್ ಸಂಸ್ಥೆಯಲ್ಲಿ ಇದೇ ಗ್ರಾಹಕಗಳನ್ನು ಅಭ್ಯಾಸ ಮಾಡುತ್ತಿದ್ದ ಆಗಸ್ಟಿನ್ ಲಾಹೆ ಮತ್ತು ಸಂಗಡಿಗರು ಆ ದಾರಿಯನ್ನೂ ಬಿಡಲಿಲ್ಲ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಕೊಂಡರು: ಗ್ರಾಹಕದ ಬಾಯಿ ಮುಚ್ಚುವ ಬದಲು ಅದಕ್ಕೆ ಬಂದು ಬೀಳುವ ಅನ್ನವನ್ನೇ ಕಸಿದರೆ? ಆ ಕಸಿಯುವ ಪ್ರತಿಕಾಯವನ್ನು ರೋಗಿಯ ಮೈಯೇ ತಯಾರಿಸುವಂತೆ ಮಾಡಿದರೆ?

ಈ ಯೋಚನೆ ಅಲ್ಲೇ ಹುಟ್ಟಿದ್ದಕ್ಕೆ ಕಾರಣವುಂಟು. 1962ರಿಂದ ಕ್ಯೂಬಾದ ಮೇಲೆ ಅಮೆರಿಕದ ವ್ಯಾಪಾರ ನಿರ್ಬಂಧ. 1981ರಲ್ಲಿ ಅಲ್ಲಿಯ ಕೆಲ ವೈದ್ಯರು ಫಿನ್ಲೆಂಡಿಗೆ ಹೋಗಿ, ಕಾರಿ ಕಾಂಟೆಲ್ ಎಂಬ ವಿಜ್ಞಾನಿಯ ಬಳಿ ಇಂಟರ್‌ಫೆರಾನ್ ಎಂಬ ಔಷಧದ ತಯಾರಿಕೆ ಕಲಿತು ಬಂದು ತಮ್ಮಲ್ಲೇ ಮಾಡತೊಡಗಿದ್ದರು. 1991ರಲ್ಲಿ ಸೋವಿಯತ್ ಒಕ್ಕೂಟ ಬಿದ್ದಾಗ ಕ್ಯೂಬಾಗೆ ಎಣ್ಣೆ, ಗೊಬ್ಬರ, ಔಷಧ ಎಲ್ಲದಕ್ಕೂ ಬರ ಬಂತು. ಜನ ಅರೆಹೊಟ್ಟೆಯಲ್ಲಿ, ಕತ್ತಲಲ್ಲಿ ದಿನ ದೂಡಿದ ವರ್ಷಗಳವು. ಅದರ ನಡುವೆಯೇ, 1994ರ ಡಿಸೆಂಬರಿನಲ್ಲಿ, ಹವಾನಾದಲ್ಲಿ ಅಣು ರೋಗನಿರೋಧ ವಿಜ್ಞಾನ ಕೇಂದ್ರ ಬಾಗಿಲು ತೆರೆಯಿತು. ಲಾಹೆ ಅದರ ನಿರ್ದೇಶಕರಾದರು. ದುಬಾರಿ ಔಷಧವನ್ನು ಆಮದು ಮಾಡಲಾಗದ ದೇಶಕ್ಕೆ, ತೋಳಿಗೆ ಚುಚ್ಚಿದರೆ ಮೈಯೇ ಔಷಧ ತಯಾರಿಸಿಕೊಳ್ಳುವ ಲಸಿಕೆ ಆಸೆ ಹುಟ್ಟಿಸುವಂಥದ್ದೇ.

ಅಡ್ಡಿ ಬಂದದ್ದು ಹಿರಿಯರು ಎತ್ತಿದ ಪ್ರಶ್ನೆಯ ಹತ್ತಿರವೇ. ಇಜಿಎಫ್ ನಮ್ಮದೇ ಪ್ರೋಟೀನು. ಅದನ್ನು ಬರೀ ಚುಚ್ಚಿದರೆ ಮೈ ಪ್ರತಿಕಾಯ ತಯಾರಿಸುವುದಿಲ್ಲ. ಅದೇ ಕೇಂದ್ರದ ಗಿಸೆಲಾ ಗೊನ್ಸಾಲೆಸ್ ಅವರ ತಂಡ ಕಂಡುಕೊಂಡ ಉಪಾಯ, ಅದನ್ನು ಪರಕೀಯವಾದ ಇನ್ನೊಂದಕ್ಕೆ ಕಟ್ಟುವುದು. ಮಿದುಳುಪೊರೆಯ ಉರಿಯೂತ ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯದ ಪಿ64ಕೆ ಎಂಬ ಪ್ರೋಟೀನು ಕ್ಯೂಬಾದ ಪ್ರಯೋಗಾಲಯಗಳಲ್ಲಿ ಆಗಲೇ ಕೈವಶವಾಗಿತ್ತು. ಮಾನವ ಇಜಿಎಫ್ ಅನ್ನು ರಾಸಾಯನಿಕವಾಗಿ ಇದಕ್ಕೆ ಬೆಸೆದರು. ಬ್ಯಾಕ್ಟೀರಿಯದ ಪ್ರೋಟೀನು ಕಂಡು ಎಚ್ಚೆತ್ತ ರೋಗನಿರೋಧಕ ವ್ಯವಸ್ಥೆ ಅದಕ್ಕಂಟಿದ ಇಜಿಎಫ್ ಮೇಲೂ ಪ್ರತಿಕಾಯ ತಯಾರಿಸಿತು. ಆ ಪ್ರತಿಕಾಯಗಳು ರಕ್ತದಲ್ಲಿ ಓಡಾಡುವ ಇಜಿಎಫ್ ಅನ್ನು ದಾರಿಯಲ್ಲೇ ಹಿಡಿದವು. ಬೆರಳೆಣಿಕೆಯ ರೋಗಿಗಳ ಮೇಲೆ ನಡೆದ ಮೊದಲ ಪ್ರಯೋಗದ ವರದಿ 1998ರಲ್ಲಿ ಹೊರಬಂತು. ಲಸಿಕೆಯ ಹೆಸರು ಸಿಮಾವ್ಯಾಕ್ಸ್-ಇಜಿಎಫ್.

ಅದನ್ನು ಕೊಡುವ ಬಗೆಯನ್ನು ಕೊಂಚ ಹತ್ತಿರದಿಂದ ನೋಡಬೇಕು. ಒಂದು ಸೀಸೆಯಲ್ಲಿ ಬೆಸೆದ ಪ್ರೋಟೀನು, ಇನ್ನೊಂದರಲ್ಲಿ ಮಾಂಟನೈಡ್ ಎಂಬ ಎಣ್ಣೆ. ಚುಚ್ಚುವ ಮುಂಚೆ ಎರಡನ್ನೂ ಕಲಸುತ್ತಾರೆ. ಬೆಳ್ಳಗೆ, ಮಂದಗೆ ಆಗುತ್ತದೆ. ಎಣ್ಣೆ ಇರುವುದರಿಂದ ಪ್ರೋಟೀನು ಸ್ನಾಯುವಿನಲ್ಲಿ ನಿಂತು ನಿಧಾನವಾಗಿ ಬಿಡುಗಡೆಯಾಗುತ್ತದೆ. ಒಂದೇ ದಿನ ನಾಲ್ಕು ಕಡೆ ಚುಚ್ಚುತ್ತಾರೆ, ಎರಡು ತೋಳು, ಎರಡು ಪಿರ್ರೆ. ಮೊದಲ ನಾಲ್ಕು ಸುತ್ತು 14 ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಮೊದಲು ಕೀಮೋ ಕೊಟ್ಟು ಗಡ್ಡೆಯ ಅಬ್ಬರ ತಗ್ಗಿಸಿ, ನಂತರ ಲಸಿಕೆ. ಚುಚ್ಚಿದ ಜಾಗ ನೋಯುತ್ತದೆ, ಜ್ವರ, ತಲೆನೋವು, ವಾಂತಿ ಬರಬಹುದು. ಕೀಮೋದ ಬಾಧೆಗೆ ಹೋಲಿಸಿದರೆ ಹಗುರ. ಮುಂದೆ ಕ್ಯೂಬಾ ಇದನ್ನು ಬಡಾವಣೆಯ ಪಾಲಿಕ್ಲಿನಿಕ್‌ಗಳಲ್ಲೇ ಕೊಡತೊಡಗಿತು. ನಮ್ಮ ಲೆಕ್ಕದಲ್ಲಿ ತಾಲೂಕು ದವಾಖಾನೆಯಲ್ಲಿ ಸಿಕ್ಕಂತೆ. ಈ ಇಡೀ ಕತೆಯಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಈ ಜಾಗದಲ್ಲಿ. ಕ್ಯಾನ್ಸರಿನ ಲಸಿಕೆಗೆ ರೋಗಿ ರಾಜಧಾನಿಗೆ ಓಡಬೇಕಿರಲಿಲ್ಲ.

ಫಲವೇನು? 2008ರಲ್ಲಿ ಪ್ರಕಟವಾದ 80 ರೋಗಿಗಳ ಪ್ರಯೋಗದಲ್ಲಿ 60 ವರ್ಷದೊಳಗಿನವರಿಗೆ ಲಾಭ ಎದ್ದು ಕಂಡಿತು. ಅದೇ ವರ್ಷ ಕ್ಯೂಬಾ ಲಸಿಕೆಗೆ ಅನುಮತಿ ಕೊಟ್ಟಿತು. 405 ರೋಗಿಗಳ ಮೂರನೇ ಹಂತದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಕನಿಷ್ಠ ನಾಲ್ಕು ಸುತ್ತು ಪೂರೈಸಿದವರು ಮಧ್ಯಮ ಲೆಕ್ಕದಲ್ಲಿ 12.43 ತಿಂಗಳು ಬದುಕಿದರು, ಲಸಿಕೆ ಪಡೆಯದವರು 9.43 ತಿಂಗಳು. ಮೂರು ತಿಂಗಳ ಅಂತರ. ರಕ್ತದಲ್ಲಿ ಮೊದಲೇ ಇಜಿಎಫ್ ಹೆಚ್ಚಿದ್ದವರಲ್ಲಿ ಅದು 14.66 ತಿಂಗಳಿಗೆ ಏರಿತು. ಅಂದರೆ ಯಾರ ಗಡ್ಡೆ ಆ ಅನ್ನವನ್ನೇ ಹೆಚ್ಚು ನೆಚ್ಚಿತ್ತೋ ಅವರಿಗೆ ಲಾಭ ಹೆಚ್ಚು. ‘ಕ್ಯೂಬಾ ಕ್ಯಾನ್ಸರಿಗೆ ಔಷಧ ಕಂಡುಹಿಡಿದಿದೆ, ಅಮೆರಿಕ ಮುಚ್ಚಿಟ್ಟಿದೆ’ ಎಂಬ ವಾಟ್ಸ್ಯಾಪ್ ಸಂದೇಶ ನಮ್ಮ ಕಡೆಯೂ ಬರುತ್ತಿರುತ್ತದೆ. ಅದು ನಿಜವಲ್ಲ. ಲಸಿಕೆ ರೋಗವನ್ನು ನಿರ್ಮೂಲ ಮಾಡಲಿಲ್ಲ. ಮೂರು ತಿಂಗಳು ಸಣ್ಣದೆಂದು ತಳ್ಳಿಹಾಕಲೂ ನನಗೆ ಮನಸ್ಸಾಗದು. ಮಗಳ ಮದುವೆಯೋ ಸುಗ್ಗಿಯೋ ಎದುರಿಗಿರುವ ಮನೆಯವರಿಗೆ ಅದರ ಬೆಲೆ ಗೊತ್ತು.

ಕರ್ನಾಟಕ ಈ ಕತೆಯೊಳಗೆ ಬರುವುದು ಹವಾನಾದ ಇನ್ನೊಂದು ದಾರಿಯಿಂದ. ಗ್ರಾಹಕವನ್ನೇ ಮುಚ್ಚುವ ಪ್ರತಿಕಾಯವನ್ನು ಅದೇ ವಿಜ್ಞಾನಿಗಳು ಮೊದಲು ಇಲಿಯಲ್ಲಿ ತಯಾರಿಸಿ, ಆಮೇಲೆ ಮನುಷ್ಯನ ಮೈಗೆ ಒಗ್ಗುವಂತೆ ಮಾರ್ಪಡಿಸಿದ್ದರು. ಅದರ ಹೆಸರು ನಿಮೊಟುಜುಮ್ಯಾಬ್. ಬೆಂಗಳೂರಿನ ಬಯೋಕಾನ್ ಕಂಪನಿ ಹವಾನಾ ಕೇಂದ್ರದ ವ್ಯಾಪಾರ ಅಂಗವಾದ ಸಿಮಾಬ್ ಜೊತೆ ಸೇರಿ ಜಂಟಿ ಕಂಪನಿ ಕಟ್ಟಿತು. 2006ರಲ್ಲಿ ‘ಬಯೋಮ್ಯಾಬ್ ಇಜಿಎಫ್‌ಆರ್’ ಎಂಬ ಹೆಸರಿನಲ್ಲಿ ಅದನ್ನು ತಲೆ-ಕತ್ತಿನ ಕ್ಯಾನ್ಸರಿಗೆ ಮಾರುಕಟ್ಟೆಗೆ ತಂದಿತು. ಆಗ ಇಂಥ ಪ್ರತಿಕಾಯ ಔಷಧ ಭಾರತದಲ್ಲಿ ತಯಾರಾಗುವುದೇ ಅಪರೂಪ. ಎಲೆಕ್ಟ್ರಾನಿಕ್ ಸಿಟಿ ಸಾಫ್ಟ್‌ವೇರಿನ ಜಾಗವೆಂದೇ ಹೆಸರಾಗಿದ್ದಾಗ, ಅಲ್ಲೇ ಪಕ್ಕದ ಉಕ್ಕಿನ ತೊಟ್ಟಿಗಳಲ್ಲಿ ಪ್ರಾಣಿಕೋಶಗಳನ್ನು ಸಾಕಿ ಕ್ಯಾನ್ಸರ್ ಔಷಧ ತಯಾರಿಸುವ ವಿದ್ಯೆ ಬೇರೂರಿತು.

ತಲೆ-ಕತ್ತಿನ ಕ್ಯಾನ್ಸರನ್ನೇ ಆರಿಸಿಕೊಂಡದ್ದು ನಮ್ಮ ದೇಶದ ರೋಗ ನೋಡಿ. ಗುಟ್ಕಾ, ತಂಬಾಕು, ಎಲೆಅಡಿಕೆಯಿಂದ ಬಾಯಿ-ಗಂಟಲು ಕೆಡಿಸಿಕೊಂಡವರು ಇಲ್ಲಿ ಲೆಕ್ಕವಿಲ್ಲದಷ್ಟು. 92 ಭಾರತೀಯ ರೋಗಿಗಳ ಪ್ರಯೋಗವೊಂದನ್ನು ಐದು ವರ್ಷ ಬೆನ್ನುಹತ್ತಿ ನೋಡಿದಾಗ, ಕೀಮೋ-ಕರೆಂಟ್ ಜೊತೆ ನಿಮೊಟುಜುಮ್ಯಾಬ್ ಪಡೆದವರಲ್ಲಿ ಶೇ. 57 ಮಂದಿ ಬದುಕಿದ್ದರು, ಅದಿಲ್ಲದೆ ಬರೀ ಕೀಮೋ-ಕರೆಂಟ್ ಪಡೆದವರಲ್ಲಿ ಶೇ. 26. ಪ್ರಯೋಗ ಚಿಕ್ಕದು, ಆದ್ದರಿಂದ ಈ ಅಂಕಿಯನ್ನು ಹಿಡಿದು ಕುಣಿಯಬಾರದು. ಆದರೆ ಕೆರಿಬಿಯನ್ ದ್ವೀಪವೊಂದರ ಶೋಧ ಬೆಂಗಳೂರಿನಲ್ಲಿ ಔಷಧವಾಗಿ, ನಮ್ಮ ದೇಶದ ರೋಗಿಗಳಲ್ಲೇ ಪರೀಕ್ಷೆಗೊಳಗಾಯಿತು. ಅದಕ್ಕೂ ಮೊದಲು ಕ್ಯಾನ್ಸರಿನ ಹೊಸ ಔಷಧಗಳು ಬರುತ್ತಿದ್ದದ್ದು ಹೆಚ್ಚಾಗಿ ಸಿರಿವಂತ ದೇಶಗಳ ದಿಕ್ಕಿನಿಂದ.

ಇದೇ ಕಾಲದಲ್ಲಿ ಶ್ರೀಮಂತ ಕಂಪನಿಗಳೂ ಶ್ವಾಸಕೋಶದ ಲಸಿಕೆಗೆ ಕೈಹಾಕಿ ಸೋತವು. ಗಡ್ಡೆಯ ಕೋಶಗಳಲ್ಲಿರುವ ಮೇಜ್-ಎ3 ಎಂಬ ಗುರುತಿನ ಮೇಲೆ ಗ್ಲ್ಯಾಕ್ಸೊ ರೂಪಿಸಿದ ಲಸಿಕೆಯನ್ನು 2,300ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಲಾಯಿತು, ಲಾಭ ಕಾಣಲಿಲ್ಲ. ಟೆಸೆಮೊಟೈಡ್ ಎಂಬ ಇನ್ನೊಂದು ಲಸಿಕೆಯ 1,500 ಜನರ ಪ್ರಯೋಗವೂ ಗುರಿ ಮುಟ್ಟಲಿಲ್ಲ. ಲಸಿಕೆ ರೋಗನಿರೋಧಕ ಕೋಶಗಳ ಸೈನ್ಯವನ್ನು ಎಬ್ಬಿಸುತ್ತಿತ್ತು, ಎದ್ದ ಸೈನ್ಯ ಗಡ್ಡೆಯ ಹತ್ತಿರ ಹೋಗಿ ಕೈಕಟ್ಟಿ ನಿಲ್ಲುತ್ತಿತ್ತು.

ಭಾರತದ್ದೇ ಆದ ಒಂದು ಲಸಿಕೆಯ ಕತೆಯನ್ನೂ ಇಲ್ಲಿ ಹೇಳಲೇಬೇಕು, ಇದನ್ನು ಬಲ್ಲವರು ಕಡಿಮೆ. ದೆಹಲಿಯ ಜಿ.ಪಿ. ತಲ್ವಾರ್ ಕುಷ್ಠರೋಗಕ್ಕೆ ಲಸಿಕೆ ಹುಡುಕುತ್ತಿದ್ದರು. ಕುಷ್ಠದ ಬ್ಯಾಕ್ಟೀರಿಯ ಪ್ರಯೋಗಾಲಯದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಅದರ ನಿರುಪದ್ರವಿ ನೆಂಟರಲ್ಲಿ ಹುಡುಕಿ ‘ಮೈಕೋಬ್ಯಾಕ್ಟೀರಿಯಂ ಡಬ್ಲ್ಯು’ ಎಂಬುದನ್ನು ಆರಿಸಿಕೊಂಡರು. ಕಾಯಿಸಿ ಕೊಂದ ಆ ಬ್ಯಾಕ್ಟೀರಿಯ ಕುಷ್ಠರೋಗಿಗಳ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸಿತು. ಬಿಸಿಜಿ ಲಸಿಕೆಯನ್ನು ಮೂತ್ರಕೋಶದ ಕ್ಯಾನ್ಸರಿಗೆ ಬಳಸುವುದು 1970ರ ದಶಕದಿಂದ ನಡೆದುಬಂದಿತ್ತು. ಹಾಗಾದರೆ ಅದರ ಬಂಧುವಾದ ಇದು ಶ್ವಾಸಕೋಶಕ್ಕೆ ಏಕಾಗಬಾರದು? ಅಹಮದಾಬಾದಿನ ಕ್ಯಾಡಿಲಾ ಫಾರ್ಮಾಸ್ಯುಟಿಕಲ್ಸ್ 221 ರೋಗಿಗಳಲ್ಲಿ ಕೀಮೋ ಜೊತೆ ಇದನ್ನು ಪರೀಕ್ಷಿಸಿತು. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಧೂಮಪಾನಿಗಳಲ್ಲಿ ಹೆಚ್ಚು ಕಾಣುವ ಸ್ಕ್ವೇಮಸ್ ಬಗೆಯ ಕ್ಯಾನ್ಸರ್ ಇದ್ದವರನ್ನು ಮಾತ್ರ ನೋಡಿದಾಗ ಆಯುಷ್ಯ 127 ದಿನ ಹೆಚ್ಚಿತ್ತು. ಇಂಥ ಬಿಡಿಗುಂಪಿನ ಫಲಿತಾಂಶವನ್ನು ಮತ್ತೊಂದು ದೊಡ್ಡ ಪ್ರಯೋಗದಲ್ಲಿ ಒರೆಗೆ ಹಚ್ಚದೆ ನೆಚ್ಚಿಕೊಳ್ಳುವಂತಿಲ್ಲ. ನಮ್ಮದೇ ಮಣ್ಣಿನ ಶೋಧಕ್ಕೆ ಆ ಪರೀಕ್ಷೆಯನ್ನು ಆದರದಿಂದ ಮಾಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಸೈನ್ಯ ಕೈಕಟ್ಟಿ ನಿಲ್ಲುವುದೇಕೆ ಎಂಬುದಕ್ಕೆ ಉತ್ತರ ಸಿಕ್ಕದ್ದು ಕ್ಯೋಟೊದಲ್ಲಿ, ಅದೂ ಬೇರೇನನ್ನೋ ಹುಡುಕುವಾಗ. 1992ರಲ್ಲಿ ತಾಸುಕು ಹೊಂಜೊ ಅವರ ಪ್ರಯೋಗಾಲಯದಲ್ಲಿ ಯಸುಮಸ ಇಶಿದಾ ಜೀವಕೋಶಗಳು ತಾವಾಗಿ ಸಾಯುವುದಕ್ಕೆ ಕಾರಣವಾದ ಜೀನನ್ನು ಅರಸುತ್ತಿದ್ದರು. ಸಿಕ್ಕ ಜೀನಿಗೆ ಪಿಡಿ-1 ಎಂದು ಹೆಸರಿಟ್ಟರು. ಅದಕ್ಕೂ ಸಾವಿಗೂ ನೇರ ಸಂಬಂಧವಿಲ್ಲವೆಂದು ಆಮೇಲೆ ಗೊತ್ತಾಯಿತು. ಮಸ್ಕಿಯವರಿಗೆ ಇಂಥದ್ದು ಹೊಸದಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಇಲ್ಲಿಯ ಗುಡ್ಡಗಳಲ್ಲಿ ಅಲೆದದ್ದು ಚಿನ್ನಕ್ಕಾಗಿ, ಕಂಡದ್ದು ಅಶೋಕನ ಹೆಸರಿದ್ದ ಶಾಸನ. ಪಿಡಿ-1 ಏನು ಮಾಡುತ್ತದೆ ಎಂದು ತಿಳಿಯಲು ಹೊಂಜೊ ತಂಡ ಆ ಜೀನನ್ನೇ ಕಿತ್ತುಹಾಕಿದ ಇಲಿಗಳನ್ನು ಬೆಳೆಸಿತು. ಇಲಿಗಳು ವಯಸ್ಸಾದಂತೆ ಕೀಲುನೋವು, ಮೂತ್ರಪಿಂಡದ ಉರಿಯೂತಕ್ಕೆ ಬಿದ್ದವು. ಅವುಗಳ ರೋಗನಿರೋಧಕ ಕೋಶಗಳು ಸ್ವಂತ ಮೈಯನ್ನೇ ತಿನ್ನತೊಡಗಿದ್ದವು. 1999ರ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. ಪಿಡಿ-1 ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳ ಮೇಲಿರುವ ಲಗಾಮು. ಗಡ್ಡೆಯ ಕೋಶಗಳು ತಮ್ಮ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನು ಹೊತ್ತು, ಆ ಲಗಾಮನ್ನು ಜಗ್ಗಿ ಹಿಡಿಯುತ್ತವೆ. ಅಮೆರಿಕದ ಜೇಮ್ಸ್ ಆಲಿಸನ್ 1996ರಲ್ಲೇ ಸಿಟಿಎಲ್‌ಎ-4 ಎಂಬ ಇನ್ನೊಂದು ಲಗಾಮನ್ನು ಸಡಿಲಿಸಿದರೆ ಇಲಿಗಳ ಗಡ್ಡೆ ಕರಗುತ್ತದೆ ಎಂದು ತೋರಿಸಿದ್ದರು. ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು.

ಪಿಡಿ-1 ಅನ್ನು ಮುಚ್ಚುವ ನಿವೊಲುಮ್ಯಾಬ್ ಎಂಬ ಪ್ರತಿಕಾಯ 2015ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ಸ್ಕ್ವೇಮಸ್ ಕ್ಯಾನ್ಸರಿಗೆ ಅನುಮತಿ ಪಡೆಯಿತು. ಮೊದಲ ಕೀಮೋ ಸೋತವರಲ್ಲಿ ಒಂದು ವರ್ಷ ದಾಟಿದವರು ಶೇ. 42, ಹಳೆಯ ಕೀಮೋದಲ್ಲಿ ಶೇ. 24. ನನಗೆ ದೊಡ್ಡದೆನಿಸುವುದು ಇನ್ನೊಂದು ಅಂಕಿ. ಈ ಔಷಧದ ಆರಂಭದ ಪ್ರಯೋಗವೊಂದರಲ್ಲಿದ್ದ ಶ್ವಾಸಕೋಶದ ರೋಗಿಗಳಲ್ಲಿ ಶೇ. 16 ಮಂದಿ ಐದು ವರ್ಷದ ನಂತರವೂ ಬದುಕಿದ್ದರು. ಹಬ್ಬಿಹೋದ ರೋಗದಲ್ಲಿ ಐದು ವರ್ಷ ಎಂಬ ಮಾತನ್ನು ಅದಕ್ಕೆ ಮೊದಲು ಆಡುತ್ತಿದ್ದವರು ಅಪರೂಪ.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಮೊದಲು ಹೇಳಿದ, ಬೀಡಿ ಮುಟ್ಟದ ಹೆಣ್ಣುಮಕ್ಕಳ ಸಂಗತಿ ಇಲ್ಲಿ ಬರುತ್ತದೆ. ಭಾರತದಲ್ಲಿ ಅಡೆನೊಕಾರ್ಸಿನೋಮ ಬಗೆಯ ಶ್ವಾಸಕೋಶ ಕ್ಯಾನ್ಸರ್ ಇರುವವರಲ್ಲಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಮಂದಿಯ ಗಡ್ಡೆಯಲ್ಲಿ ಅದೇ ಇಜಿಎಫ್ ಗ್ರಾಹಕದ ಜೀನು ಕೆಟ್ಟಿರುತ್ತದೆ. ಧೂಮಪಾನ ಮಾಡದ ಹೆಂಗಸರಲ್ಲಿ ಇದು ಇನ್ನೂ ಹೆಚ್ಚು. ಅವರ ಗ್ರಾಹಕ ಅನ್ನಕ್ಕೆ ಕಾಯದೆ ತಾನಾಗಿಯೇ ಅಪ್ಪಣೆ ಕೊಡುತ್ತಿರುತ್ತದೆ. ಅಂಥವರಿಗೆ ಬೇಕಾದದ್ದು ಗೆಫಿಟಿನಿಬ್, ಒಸಿಮರ್ಟಿನಿಬ್‌ನಂಥ ಗುಳಿಗೆ. ಪಿಡಿ-1 ಔಷಧ ಅವರಲ್ಲಿ ಹೆಚ್ಚೇನೂ ಕೆಲಸ ಮಾಡುವುದಿಲ್ಲ, ಅದರ ಬೆನ್ನಿಗೇ ಒಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶ ಉರಿಯುವ ಅಪಾಯವೂ ಉಂಟು. ಆದ್ದರಿಂದ ಚುಚ್ಚುವ ಮೊದಲು ಗಡ್ಡೆಯ ಚೂರನ್ನು ಇಜಿಎಫ್ ಗ್ರಾಹಕ (ಇಜಿಎಫ್‌ಆರ್), ಎಎಲ್‌ಕೆ ಎಂಬ ಇನ್ನೊಂದು ಜೀನು, ಪಿಡಿ-ಎಲ್1 ಇವುಗಳ ಪರೀಕ್ಷೆಗೆ ಕಳಿಸಲೇಬೇಕು. ಊರಿನಿಂದ ಊರಿಗೆ ಆಸ್ಪತ್ರೆ ಬದಲಿಸುವವರು ಸ್ಕ್ಯಾನಿನ ಫಿಲ್ಮ್ ಜೊತೆಗೆ, ಬಯಾಪ್ಸಿಯ ಮೇಣದ ಬ್ಲಾಕನ್ನೂ ಕೇಳಿ ಪಡೆದು ಇಟ್ಟುಕೊಳ್ಳಬೇಕು. ಇಷ್ಟನ್ನು ಯಾರೂ ಹೇಳದೆ ಹೋದದ್ದರಿಂದ ಮತ್ತೆ ಎದೆಗೆ ಸೂಜಿ ಚುಚ್ಚಿಸಿಕೊಂಡವರನ್ನು ಬಲ್ಲೆ.

ನಮ್ಮ ಸೀಮೆಗೆ ಇನ್ನೊಂದು ಎಚ್ಚರಿಕೆ ಉಂಟು. ಪಿಡಿ-1 ಇಲ್ಲದ ಇಲಿಗಳಿಗೆ ಟಿಬಿ ಸೋಂಕು ತಗುಲಿಸಿದರೆ ಅವು ಬಲುಬೇಗ ಸಾಯುತ್ತವೆ. ಲಗಾಮು ಕಳಚಿದ ಉರಿಯೂತವೇ ಶ್ವಾಸಕೋಶವನ್ನು ಹಾಳುಮಾಡುತ್ತದೆ. ಪಿಡಿ-1 ಔಷಧ ಪಡೆದ ಕೆಲವು ರೋಗಿಗಳಲ್ಲಿ ಮಲಗಿದ್ದ ಟಿಬಿ ಎದ್ದದ್ದು ದಾಖಲಾಗಿದೆ. ಟಿಬಿ ಮನೆಮನೆಯ ಮಾತಾಗಿರುವ ಕಡೆ ಈ ಔಷಧ ಕೊಡುವ ವೈದ್ಯರು ಟಿಬಿಯ ಮೇಲೂ ಒಂದು ಕಣ್ಣಿಟ್ಟಿರಬೇಕು.

ಇನ್ನು ದುಡ್ಡಿನ ಮಾತು. ಪೂರ್ಣ ಪ್ರಮಾಣದ ನಿವೊಲುಮ್ಯಾಬ್‌ಗೆ ಬಹುಕಾಲ ತಿಂಗಳಿಗೆ ಲಕ್ಷಗಟ್ಟಲೆ ರೂಪಾಯಿ ಬೇಕಿತ್ತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಇಂಥ ಔಷಧ ಎಟುಕುವುದು ನೂರರಲ್ಲಿ ಒಬ್ಬರಿಗೋ ಮೂವರಿಗೋ ಎಂದು ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಬರೆದಿದ್ದಾರೆ. ಅದೇ ಆಸ್ಪತ್ರೆಯ ವಿಜಯ್ ಪಾಟೀಲ್, ಕುಮಾರ್ ಪ್ರಭಾಷ್ ಮತ್ತು ಅವರ ಸಂಗಡಿಗರು ಅಷ್ಟಕ್ಕೇ ನಿಲ್ಲಲಿಲ್ಲ. ನಿವೊಲುಮ್ಯಾಬ್‌ನ ಆರಂಭದ ಪ್ರಯೋಗಗಳ ವರದಿಯಲ್ಲೇ ಒಂದು ಸುಳಿವಿತ್ತು. ದೇಹತೂಕದ ಕಿಲೋಗೆ 0.1 ಮಿಲಿಗ್ರಾಂನಿಂದ 10 ಮಿಲಿಗ್ರಾಂವರೆಗೆ ಎಷ್ಟೇ ಕೊಟ್ಟರೂ ಟಿ-ಕೋಶಗಳ ಮೇಲಿನ ಪಿಡಿ-1 ಮುಚ್ಚುವ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಹಾಗಿದ್ದರೆ ಅಷ್ಟೊಂದು ಏಕೆ ಕೊಡಬೇಕು? ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಅವರು ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ಕೊಟ್ಟು ನೋಡಲು ಹೊರಟರು. ಆರು ವಾರದ ಲೆಕ್ಕ ಹಾಕಿದರೆ 720ರ ಜಾಗದಲ್ಲಿ 40, ಹದಿನೆಂಟನೇ ಒಂದು ಭಾಗ. ಐವತ್ತು ಕಿಲೋ ತೂಗುವ ನಮ್ಮ ರೈತನಿಗೆ ಅದು ಕಿಲೋಗೆ 0.4 ಮಿಲಿಗ್ರಾಂ ಆಯಿತು. ಸುಳಿವು ಕೊಟ್ಟ ಅಂಕಿಗಳ ಒಳಗೇ ಇದೆ.

ಗುಣವಾಗುವ ಹಂತ ಮೀರಿದ ತಲೆ-ಕತ್ತಿನ ಕ್ಯಾನ್ಸರಿನ 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಮನೆಯಲ್ಲೇ ನುಂಗುವ ಮೂರು ಅಗ್ಗದ ಗುಳಿಗೆ: ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್. ಒಂದು ಗುಂಪಿಗೆ ಅದರ ಜೊತೆ 20 ಮಿಲಿಗ್ರಾಂ ನಿವೊಲುಮ್ಯಾಬ್. ಒಂದು ವರ್ಷ ದಾಟಿದವರು ಬರೀ ಗುಳಿಗೆಯ ಗುಂಪಿನಲ್ಲಿ ಶೇ. 16.3, ಸೂಜಿಯನ್ನೂ ಪಡೆದವರಲ್ಲಿ ಶೇ. 43.4. ವಿಪರೀತ ಅಡ್ಡಪರಿಣಾಮಗಳೂ ಹೆಚ್ಚಲಿಲ್ಲ. 2022ರ ಕೊನೆಯಲ್ಲಿ ಇದು ಪ್ರಕಟವಾದಾಗ ದೊಡ್ಡ ದೇಶಗಳ ತಜ್ಞರೂ ತಿರುಗಿ ನೋಡಿದರು. ಔಷಧ ಹೊಸದಲ್ಲ, ಅದರ ಅಳತೆ ಹೊಸದು. ಇದನ್ನೂ ನಾನು ಆವಿಷ್ಕಾರವೆಂದೇ ಕರೆಯುತ್ತೇನೆ. ಪಿಡಿ-1 ಎಂಬ ಲಗಾಮು ಇದೆ ಎಂದು ಹೊಂಜೊ ತೋರಿಸಿದರು, ಅದನ್ನು ಕಳಚಲು ಎಷ್ಟು ಕಡಿಮೆ ಸಾಕು ಎಂಬುದನ್ನು ಪರೇಲ್‌ನವರು ತೋರಿಸಿದರು. ಲಾಭಕ್ಕೆ ಔಷಧ ಮಾರುವವರು ಎರಡನೆಯ ಪ್ರಶ್ನೆಯನ್ನು ತಾವಾಗಿ ಕೇಳುವುದಿಲ್ಲ.

ಇದು ಶ್ವಾಸಕೋಶದ ಫಲಿತಾಂಶವಲ್ಲ ಎಂಬುದನ್ನು ಮರೆಯಬಾರದು. ಶ್ವಾಸಕೋಶದಲ್ಲೂ ಕಡಿಮೆ ಪ್ರಮಾಣ ಸಾಕಾಗಬಹುದು ಎಂದು ಕೊರಿಯಾದ ವೈದ್ಯರು ತಮ್ಮ ರೋಗಿಗಳ ದಾಖಲೆ ತಿರುವಿಹಾಕಿ 2018ರಲ್ಲಿ ಬರೆದರು. ನೆದರ್‌ಲ್ಯಾಂಡ್ಸ್‌ನವರು ಇಂಥದ್ದೇ ಇನ್ನೊಂದು ಪಿಡಿ-1 ಔಷಧವಾದ ಪೆಂಬ್ರೊಲಿಜುಮ್ಯಾಬ್‌ನ ಪ್ರಮಾಣ ಇಳಿಸಿ ನೋಡುವ ದೊಡ್ಡ ಪ್ರಯೋಗವನ್ನು ಶ್ವಾಸಕೋಶದ ರೋಗಿಗಳಲ್ಲೇ ಕೈಗೆತ್ತಿಕೊಂಡರು. ಲಸಿಕೆಗಳೂ ಸತ್ತಿಲ್ಲ. ಅಮೆರಿಕದ ಬಫಲೋ ನಗರದ ರಾಸ್ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆ 2015ರಲ್ಲಿ ಹವಾನಾ ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡಿತು. ಅರ್ಧ ಶತಮಾನದ ನಿರ್ಬಂಧ ದಾಟಿ ಸಿಮಾವ್ಯಾಕ್ಸ್ ಅಮೆರಿಕದ ರೋಗಿಗಳನ್ನು ತಲುಪಿತು, ಅದೂ ನಿವೊಲುಮ್ಯಾಬ್ ಜೊತೆಗೂಡಿ: ಒಂದು ಅನ್ನ ಕಸಿಯಬೇಕು, ಇನ್ನೊಂದು ಲಗಾಮು ಕಳಚಬೇಕು. ಕೋವಿಡ್ ಲಸಿಕೆಯ ಎಂಆರ್‌ಎನ್‌ಎ ವಿದ್ಯೆಯಲ್ಲೇ ಜರ್ಮನಿಯ ಬಯೋಎನ್‌ಟೆಕ್ ರೂಪಿಸಿದ ಶ್ವಾಸಕೋಶ ಕ್ಯಾನ್ಸರಿನ ಲಸಿಕೆಯನ್ನು 2024ರ ಆಗಸ್ಟಿನಲ್ಲಿ ಲಂಡನ್ನಿನ ರೋಗಿಯೊಬ್ಬರಿಗೆ ಕೊಟ್ಟರು. ಈ ಲಸಿಕೆಗಳು ಎಷ್ಟು ಕೆಲಸ ಮಾಡುತ್ತವೆ ಎಂಬುದು ತಿಳಿಯಲು ವರ್ಷಗಳು ಹಿಡಿಯುತ್ತವೆ.

ಅಷ್ಟರಲ್ಲಿ ಇಲ್ಲಿಯ ಆಸ್ಪತ್ರೆಗಳು ಕಂಡುಕೊಂಡ ದಾರಿ ಸರಳವಾಗಿದೆ. ನಿವೊಲುಮ್ಯಾಬ್‌ನ ಚಿಕ್ಕ ಸೀಸೆಯಲ್ಲಿ 40 ಮಿಲಿಗ್ರಾಂ ಇರುತ್ತದೆ. ಒಮ್ಮೆ ತೆರೆದದ್ದನ್ನು ಬಹಳ ಹೊತ್ತು ಇಡುವಂತಿಲ್ಲ. ಹಾಗಾಗಿ ಇಬ್ಬರು ರೋಗಿಗಳಿಗೆ ಒಂದೇ ದಿನ ಬರಲು ಹೇಳಿ, ಒಂದು ಸೀಸೆಯ ಔಷಧವನ್ನು ಇಬ್ಬರಿಗೂ 20-20 ಮಿಲಿಗ್ರಾಂ ಹಂಚುತ್ತಾರೆ, ಖರ್ಚನ್ನು ಎರಡೂ ಮನೆಯವರು ಅರ್ಧರ್ಧ ಹೊರುತ್ತಾರೆ.